ಸಿಂಹ, ಕೆಂಪು ಟೋಪಿ ಪಕ್ಕಕ್ಕಿಟ್ಟರೆ ಜೆರೋಮ್ ಯಾರು?

ಪ್ರಶ್ನೆ: ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುತ್ತೇನೆ. ಪ್ರತಿ ವರ್ಷ ಸೆಪ್ಟೆಂಬರ್ 30ಕ್ಕೆ ಅನುವಾದ ದಿನದ ಶುಭಾಶಯ ಬರುತ್ತದೆ, ಜೊತೆಗೆ ಸಂತ ಜೆರೋಮ್ ಅವರ ಚಿತ್ರ. ಕೆಂಪು ಟೋಪಿ, ಕಾಲ ಬಳಿ ಸಿಂಹ, ಮೇಜಿನ ತುಂಬ ಪುಸ್ತಕ. ಬೈಬಲ್ಲನ್ನು ಲ್ಯಾಟಿನ್‌ಗೆ ತಂದವರು ಅನ್ನುವುದಷ್ಟೇ ಗೊತ್ತು. ನಿಜವಾಗಿ ಅವರು ಯಾರು, ಹೇಗೆ ಬದುಕಿದರು, ಅವರ ಕೆಲಸದಲ್ಲಿ ಅಷ್ಟು ದೊಡ್ಡದೇನಿದೆ? ಭಾರಿ ಜಗಳಗಂಟರು ಅಂತಲೂ ಕೇಳಿದ್ದೇನೆ, ಹೌದೇ? ಓದಬೇಕು ಅಂದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಆ ಚಿತ್ರದ ಮಾತು ಮುಗಿಸಿಬಿಡೋಣ. ಅದರಲ್ಲಿರುವ ಅರ್ಧ ಸಾಮಾನು ಜೆರೋಮ್‌ನದ್ದಲ್ಲ. ಕೆಂಪು ಟೋಪಿ ಪೋಪ್ ಕೆಳಗಿನ ಹಿರಿಯ ಧರ್ಮಾಧಿಕಾರಿಗಳಾದ ಕಾರ್ಡಿನಲ್‌ಗಳದ್ದು, ಆತನ ಕಾಲಕ್ಕೆ ಅಂಥ ಪದವಿಯೇ ಇರಲಿಲ್ಲ. ರೋಮ್‌ನಲ್ಲಿ ಪೋಪ್ ಬಳಿ ಕೆಲಸ ಮಾಡಿದ್ದ ಅಂತ ಎಷ್ಟೋ ಶತಮಾನ ಆದಮೇಲೆ ಚಿತ್ರಕಾರರು ತೊಡಿಸಿದರು. ಸಿಂಹದ ಕಾಲಿನಿಂದ ಮುಳ್ಳು ತೆಗೆದ ಕಥೆ ಜೋರ್ಡನ್ ನದಿ ಹತ್ತಿರ ಇದ್ದ ಗೆರಾಸಿಮಸ್ ಎಂಬ ಬೇರೊಬ್ಬ ಸನ್ಯಾಸಿಯದು. ಲ್ಯಾಟಿನ್‌ನಲ್ಲಿ ಜೆರೋಮ್‌ನ ಹೆಸರು ಹಿಯೆರೋನಿಮಸ್. ಎರಡೂ ಹೆಸರು ಕಿವಿಗೆ ಹತ್ತಿರ, ಕಥೆ ಅಲ್ಲಿಂದ ಇಲ್ಲಿಗೆ ಜಾರಿತು. ಆದರೆ ಆ ಮೇಜು, ಆ ಪುಸ್ತಕ, ಅವು ನಿಜ. ನಾನು ಹೇಳಬೇಕಾದ್ದೂ ಅದರ ಬಗ್ಗೆಯೇ.

ಜೆರೋಮ್‌ನನ್ನು ನಾನು ಪ್ರೀತಿಸುವುದು ಒಂದೇ ಕಾರಣಕ್ಕೆ. ಲ್ಯಾಟಿನ್‌ನಲ್ಲಿ ಆತನಷ್ಟು ಚೆನ್ನಾಗಿ ಬರೆಯುವವರು ಆ ಕಾಲದಲ್ಲಿ ಬೆರಳೆಣಿಕೆಯಷ್ಟು ಜನ. ಅಂಥವನು ಮೂವತ್ತರ ಹೊತ್ತಿಗೆ ಮತ್ತೆ ಅಕ್ಷರಮಾಲೆ ಮುಂದೆ ಕೂತ. ಬೈಬಲ್ಲಿನ ಮೊದಲ ಭಾಗ, ಅಂದರೆ ಹಳೆಯ ಒಡಂಬಡಿಕೆ, ಬಹುಪಾಲು ಹೀಬ್ರೂನಲ್ಲಿ ಬರೆದದ್ದು. ಕ್ರೈಸ್ತರು ಅದನ್ನು ಗ್ರೀಕ್ ಅನುವಾದದಲ್ಲಿ ಓದುತ್ತಿದ್ದರು, ಲ್ಯಾಟಿನ್ ಜನ ಆ ಗ್ರೀಕ್ ಅನುವಾದದ ಅನುವಾದವನ್ನು ಓದುತ್ತಿದ್ದರು. ಮೂಲಕ್ಕೆ ಹೋಗೋಣ ಅಂತ ಲ್ಯಾಟಿನ್ ಜನರಲ್ಲಿ ಹೆಚ್ಚು ಕಡಿಮೆ ಯಾರಿಗೂ ಅನಿಸಿರಲಿಲ್ಲ, ಅನಿಸಿದರೂ ಆ ಭಾಷೆ ಬರುತ್ತಿರಲಿಲ್ಲ. ಇಂಗ್ಲಿಷ್ ಮೂಲಕ ರಷ್ಯನ್ ಕಥೆಯನ್ನು ಕನ್ನಡಕ್ಕೆ ತಂದವರಿಗೆ ಈ ಸಂಕಟ ಏನು ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಹುಟ್ಟಿದ್ದು ಸುಮಾರು ಕ್ರಿ.ಶ. 347ರಲ್ಲಿ, ಸ್ಟ್ರಿಡೋನ್ ಎಂಬ ಸಣ್ಣ ಊರಲ್ಲಿ. ರೋಮನ್ ಸಾಮ್ರಾಜ್ಯದ ಡಾಲ್ಮೇಶಿಯಾ ಮತ್ತು ಪನ್ನೋನಿಯಾ ಪ್ರಾಂತಗಳ ಗಡಿಯಲ್ಲಿದ್ದ ಊರು, ಇಂದಿನ ಕ್ರೊಯೇಷಿಯಾ, ಸ್ಲೊವೇನಿಯಾ ಕಡೆ. ಆತ ಬದುಕಿದ್ದಾಗಲೇ ಗಾಥ್ ಜನರು ಆ ಊರನ್ನು ನೆಲಸಮ ಮಾಡಿದರು. ಅದು ಸರಿಯಾಗಿ ಎಲ್ಲಿತ್ತು ಅಂತ ಇವತ್ತಿಗೂ ಚರ್ಚೆ ನಡೆಯುತ್ತದೆ. ಮನೆಯಲ್ಲಿ ಅನುಕೂಲ ಇತ್ತು. ಹುಡುಗನನ್ನು ಓದಲು ರೋಮ್‌ಗೆ ಕಳಿಸಿದರು. ಅಲ್ಲಿ ಸಿಕ್ಕ ಗುರು ಡೊನಾಟಸ್. ಈತ ಬರೆದ ಲ್ಯಾಟಿನ್ ವ್ಯಾಕರಣವನ್ನು ಯುರೋಪಿನ ಮಕ್ಕಳು ಮುಂದೆ ಸಾವಿರ ವರ್ಷ ಬಾಯಿಪಾಠ ಮಾಡಿದರು. ವರ್ಜಿಲ್, ಸಿಸೆರೋ, ಟೆರೆನ್ಸ್, ಹೀಗೆ ಕ್ರಿಸ್ತನಿಗಿಂತ ಹಿಂದಿನ ಲ್ಯಾಟಿನ್ ಲೇಖಕರೆಲ್ಲ ಅಲ್ಲೇ ಮೈಗೂಡಿದ್ದು. ಭಾನುವಾರಗಳಲ್ಲಿ ಗೆಳೆಯರ ಜೊತೆ ನೆಲದಡಿಯ ಕ್ರೈಸ್ತ ಸಮಾಧಿಗಳ ಸುರಂಗಕ್ಕೆ ಇಳಿಯುತ್ತಿದ್ದನಂತೆ. ಆ ಕತ್ತಲನ್ನು ಮುದುಕನಾದ ಮೇಲೆ ನೆನೆಸಿಕೊಂಡು ಬರೆಯುವಾಗಲೂ ಬಾಯಿಗೆ ಬಂದದ್ದು ವರ್ಜಿಲ್‌ನ ಸಾಲೇ.

ಓದು ಮುಗಿದ ಮೇಲೆ ಟ್ರಿಯರ್ ನಗರಕ್ಕೆ ಹೋದ. ಸರ್ಕಾರಿ ನೌಕರಿ ಸಿಗುವ ಜಾಗ ಅದು. ಅಲ್ಲಿ ನೌಕರಿಗಿಂತ ಸನ್ಯಾಸದ ಹುಚ್ಚು ಹತ್ತಿತು. ಗೆಳೆಯ ರುಫಿನಸ್‌ಗೋಸ್ಕರ ಹಿಲರಿ ಎಂಬ ಬಿಷಪ್‌ನ ಪುಸ್ತಕಗಳನ್ನು ಕೈಯಾರೆ ನಕಲು ಮಾಡಿದ. ಈ ರುಫಿನಸ್ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. ಆಮೇಲೆ ಸ್ವಲ್ಪ ಕಾಲ ಇಟಲಿಯ ಅಕ್ವಿಲೇಯಾದಲ್ಲಿ, ಆಮೇಲೆ ಪೂರ್ವಕ್ಕೆ. ಎಲ್ಲ ಬಿಟ್ಟು ಹೊರಟವನು ಒಂದನ್ನು ಮಾತ್ರ ಬಿಡಲಾಗಲಿಲ್ಲ, ರೋಮ್‌ನಲ್ಲಿ ಕಷ್ಟಪಟ್ಟು ಕೂಡಿಸಿದ್ದ ಪುಸ್ತಕಗಳನ್ನು.

ಆಂಟಿಯೋಕ್ ಊರಲ್ಲಿ ಜ್ವರ ಬಂತು. ಜೊತೆಗೆ ಬಂದ ಇಬ್ಬರು ಗೆಳೆಯರು ತೀರಿಹೋಗಿದ್ದರು, ಈತನೂ ಸಾಯುತ್ತಾನೆ ಅಂತ ಎಲ್ಲರೂ ಅಂದುಕೊಂಡಿದ್ದರು. ಆಗ ಬಿದ್ದ ಕನಸು ಬಹಳ ಪ್ರಸಿದ್ಧ. ದೇವರ ನ್ಯಾಯಪೀಠದ ಮುಂದೆ ನಿಲ್ಲಿಸಿ ಯಾರೆಂದು ಕೇಳಿದರು. 'ನಾನು ಕ್ರೈಸ್ತ' ಅಂದ. 'ಸುಳ್ಳು. ನೀನು ಸಿಸೆರೋನ ಕಡೆಯವನು, ಕ್ರಿಸ್ತನ ಕಡೆಯವನಲ್ಲ. ನಿನ್ನ ನಿಧಿ ಎಲ್ಲಿದೆಯೋ ನಿನ್ನ ಮನಸ್ಸೂ ಅಲ್ಲೇ ಇದೆ' ಅನ್ನುವ ಉತ್ತರ ಬಂತು, ಚಾಟಿ ಏಟೂ ಬಿತ್ತು. ಇನ್ನು ಮುಂದೆ ಲೋಕದ ಪುಸ್ತಕ ಮುಟ್ಟುವುದಿಲ್ಲ ಅಂತ ಆಣೆ ಇಟ್ಟು ಎದ್ದ. ಉಪವಾಸ ಮಾಡಿ ಸಿಸೆರೋನನ್ನು ಓದುತ್ತಿದ್ದೆ, ಅದಾದ ಮೇಲೆ ಪ್ರವಾದಿಗಳ ಪುಸ್ತಕ ಹಿಡಿದರೆ ಆ ಒರಟು ಭಾಷೆ ಸಹಿಸಲಾಗುತ್ತಿರಲಿಲ್ಲ ಅಂತ ತಾನೇ ಒಪ್ಪಿಕೊಳ್ಳುತ್ತಾನೆ. ನನಗೆ ಕನಸಿಗಿಂತ ಈ ಮಾತು ಮುಖ್ಯ. ಚೆಂದದ ಭಾಷೆಯ ಮೇಲೆ ಪ್ರಾಣ ಇಟ್ಟವನಿಗೆ ತಾನು ನಂಬಿದ ಗ್ರಂಥದ ಭಾಷೆಯೇ ಹಿಡಿಸುತ್ತಿಲ್ಲ. ಆ ನೋವು ಇಲ್ಲದಿದ್ದರೆ ಮುಂದಿನ ಕೆಲಸವೂ ಆಗುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ಸುಮಾರು 375ರಿಂದ ಎರಡು ಮೂರು ವರ್ಷ ಸಿರಿಯಾದ ಕಾಲ್ಕಿಸ್ ಮರುಭೂಮಿ. ಉಪವಾಸ ಎಷ್ಟು ಮಾಡಿದರೂ ಮನಸ್ಸು ರೋಮ್‌ನ ಹುಡುಗಿಯರ ನೃತ್ಯದ ಕಡೆಗೇ ಓಡುತ್ತಿತ್ತು ಅಂತ ಮುಚ್ಚುಮರೆ ಇಲ್ಲದೆ ಬರೆದಿದ್ದಾನೆ. ಮನಸ್ಸು ಕಟ್ಟಿಹಾಕಲು ಹುಡುಕಿದ ದಾರಿಯೇ ಹೀಬ್ರೂ. ಯೆಹೂದಿ ಧರ್ಮದಿಂದ ಕ್ರೈಸ್ತನಾಗಿದ್ದ ಒಬ್ಬ ಸನ್ಯಾಸಿಯ ಮುಂದೆ ಶಿಷ್ಯನಾಗಿ ಕೂತ. ಮುದುಕನಾದ ಮೇಲೆ ಒಂದು ಪತ್ರದಲ್ಲಿ ಇದನ್ನು ನೆನೆಸಿಕೊಳ್ಳುತ್ತಾನೆ. ಕ್ವಿಂಟಿಲಿಯನ್‌ನ ಚೂಪು, ಸಿಸೆರೋನ ಹೊಳೆಯಂಥ ಮಾತು, ಪ್ಲಿನಿಯ ನಯ, ಇದನ್ನೆಲ್ಲ ಅರಗಿಸಿಕೊಂಡವನು ಮತ್ತೆ ಅಕ್ಷರ ಕಲಿತೆ, ಗಂಟಲಲ್ಲಿ ಕರಕರ ಅನ್ನುವ, ಏದುಸಿರಿನ ಶಬ್ದಗಳನ್ನು ಬಾಯಿಗೆ ತಂದುಕೊಂಡೆ, ಎಷ್ಟು ಸಲ ಸೋತೆ, ಎಷ್ಟು ಸಲ ಬಿಟ್ಟೆ, ಮತ್ತೆ ಹಿಡಿದೆ, ಆ ಕಹಿ ಬೀಜದಿಂದಲೇ ಈಗ ಸಿಹಿ ಹಣ್ಣು ಕೀಳುತ್ತಿದ್ದೇನೆ. ದೊಡ್ಡವರಾದ ಮೇಲೆ ಹೊಸ ಭಾಷೆ ಕಲಿತ ಯಾರಿಗೂ ಈ ಸಾಲು ಓದಿ ಕಣ್ಣು ಮಂಜಾಗದೆ ಇರದು. ನಾನು ನಲವತ್ತರ ನಂತರ ಲ್ಯಾಟಿನ್ ಕಲಿಯಲು ಕೂತವನು, ಕ್ರಿಯಾಪದದ ಪಟ್ಟಿ ಮುಂದೆ ಎಷ್ಟೋ ರಾತ್ರಿ ಪುಸ್ತಕ ಮುಚ್ಚಿಟ್ಟಿದ್ದೇನೆ. ಮಾರನೇ ದಿನ ಮತ್ತೆ ತೆರೆಸಿದ್ದು ಈ ಪತ್ರ.

ಹೀಬ್ರೂ ಯಾಕಷ್ಟು ಕಷ್ಟ? ನಮ್ಮ ಲಿಪಿಯಿಂದ ಕಾಗುಣಿತವನ್ನೆಲ್ಲ ಅಳಿಸಿಹಾಕಿ ಅಂದುಕೊಳ್ಳಿ. 'ಕ', 'ಕಿ', 'ಕು' ಎಲ್ಲಕ್ಕೂ ಒಂದೇ ಗುರುತು. ಆ ಕಾಲದ ಹೀಬ್ರೂ ಪ್ರತಿಗಳು ಹೆಚ್ಚು ಕಡಿಮೆ ಹಾಗೇ. ಸ್ವರ ಯಾವುದು ಅನ್ನುವುದನ್ನು ಓದುವವನೇ ತುಂಬಿಕೊಳ್ಳಬೇಕು, ಅದು ಗುರುವಿನ ಬಾಯಿಂದ ಕೇಳಿ ಮಾತ್ರ ಬರುವ ವಿದ್ಯೆ. ನಿಘಂಟು ಇಲ್ಲ, ವ್ಯಾಕರಣ ಪುಸ್ತಕವೂ ಇಲ್ಲ.

ಇದರಿಂದ ಏನಾಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ರೋಮ್‌ನಲ್ಲೇ ಇದೆ. ಮೈಕೆಲೇಂಜಲೋ ಕೆತ್ತಿದ, ಯೆಹೂದಿಗಳ ಪ್ರವಾದಿ ಮೋಶೆಯ ವಿಗ್ರಹದ ತಲೆ ಮೇಲೆ ಎರಡು ಕೊಂಬು. ಹಳೆಯ ಒಡಂಬಡಿಕೆಯ ವಿಮೋಚನಕಾಂಡದ 34ನೇ ಅಧ್ಯಾಯದಲ್ಲಿ ಮೋಶೆ ಬೆಟ್ಟದಿಂದ ಇಳಿದಾಗ ಅವನ ಮುಖ ಹೇಗಿತ್ತು ಅಂತ ಹೇಳುವ ಪದದಲ್ಲಿ ಕ್-ರ್-ನ್ ಎಂಬ ಮೂರು ವ್ಯಂಜನ. 'ಕರನ್' ಅಂತ ಓದಿದರೆ ಹೊಳೆಯಿತು, 'ಕೆರೆನ್' ಅಂದರೆ ಕೊಂಬು. ಜೆರೋಮ್ ಕೊಂಬಿನ ಅರ್ಥ ಹಿಡಿದ. ಇದನ್ನು ಎಲ್ಲರೂ ಆತನ ದಡ್ಡತನ ಅಂತ ಹೇಳಿಕೊಂಡು ತಿರುಗುತ್ತಾರೆ, ನನಗೆ ಬೇಜಾರಾಗುತ್ತದೆ. ಅವನಿಗಿಂತ ಮೊದಲು ಅಕ್ವಿಲಾ ಎಂಬ ಅನುವಾದಕ ಗ್ರೀಕ್‌ನಲ್ಲಿ ಅದೇ ಅರ್ಥ ಕೊಟ್ಟಿದ್ದ, ಬೈಬಲ್ಲಿನ ಮಾತಿನ ರೀತಿಯಲ್ಲಿ ಕೊಂಬು ಅಂದರೆ ಬಲ, ಗೌರವ. ಹಳೆಯ ಗ್ರೀಕ್ ಅನುವಾದ ಬೇರೆ ಅರ್ಥ ಹೇಳುತ್ತದೆ ಅನ್ನುವುದೂ ಜೆರೋಮ್‌ಗೆ ಗೊತ್ತಿತ್ತು. ನೋಡಿ, ಯೋಚಿಸಿ, ಆರಿಸಿಕೊಂಡ. ಆಯ್ಕೆ ತಪ್ಪಿರಬಹುದು.

ಮರುಭೂಮಿ ಬಿಟ್ಟ ಮೇಲೆ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಎರಡು ಮೂರು ವರ್ಷ. ಅಲ್ಲಿ ನಾಜಿಯಾನ್ಜಸ್‌ನ ಗ್ರೆಗೊರಿಯಂಥ ದೊಡ್ಡ ಪಂಡಿತನ ಸಂಗ. ಯೇಸುವಿನ ಬದುಕಿನ ಕಥೆ ಹೇಳುವ ಲೂಕನ ಸುವಾರ್ತೆಯ ಒಂದು ಕಷ್ಟದ ಪದದ ಅರ್ಥ ಕೇಳಿದರೆ ಗ್ರೆಗೊರಿ ನಕ್ಕು, 'ಚರ್ಚಿನಲ್ಲಿ ಹೇಳಿಕೊಡುತ್ತೇನೆ, ಅಲ್ಲಿ ಎಲ್ಲರೂ ಚಪ್ಪಾಳೆ ತಟ್ಟುವಾಗ ಗೊತ್ತಿಲ್ಲದ್ದೂ ಗೊತ್ತು ಅಂತ ಒಪ್ಪಿಕೊಳ್ಳಬೇಕಾಗುತ್ತದೆ' ಅಂದನಂತೆ. ಅಲ್ಲೇ ಗ್ರೀಕ್ ಲೇಖಕ ಯುಸೇಬಿಯಸ್‌ನ ಕಾಲಗಣನೆಯ ಗ್ರಂಥವನ್ನು ಲ್ಯಾಟಿನ್‌ಗೆ ತಂದು, ಅದನ್ನು 378ರವರೆಗೆ ತಾನೇ ಮುಂದುವರಿಸಿದ. ಮಧ್ಯಯುಗದ ಯುರೋಪ್ ಜಗತ್ತಿನ ಇತಿಹಾಸದ ಲೆಕ್ಕ ಹಿಡಿದದ್ದು ಈ ಪುಸ್ತಕದಿಂದ.

382ರಲ್ಲಿ ರೋಮ್‌ಗೆ ಮರಳಿದ, ಪೋಪ್ ಡಮಾಸಸ್‌ಗೆ ಕಾರ್ಯದರ್ಶಿಯಾದ. ಪೋಪ್ ವಹಿಸಿದ ಕೆಲಸ ಕೇಳಲು ಸಣ್ಣದು: ನಾಲ್ಕು ಸುವಾರ್ತೆಗಳ ಲ್ಯಾಟಿನ್ ಪಾಠವನ್ನು ಗ್ರೀಕ್ ಜೊತೆ ಇಟ್ಟು ತಿದ್ದುವುದು. ಕೈಹಾಕಿದರೆ ಗೊತ್ತಾಯಿತು, ಪ್ರತಿಗಳು ಎಷ್ಟೋ ಪಾಠಗಳೂ ಹೆಚ್ಚು ಕಡಿಮೆ ಅಷ್ಟೇ. ನಕಲು ಮಾಡುವವರು ನಿದ್ದೆಗಣ್ಣಲ್ಲಿ ಬಿಟ್ಟಿದ್ದಾರೆ, ಗೊತ್ತಿದೆ ಅಂದುಕೊಂಡವರು ಸೇರಿಸಿದ್ದಾರೆ. ಮುನ್ನುಡಿಯಲ್ಲಿ ಜೆರೋಮ್ ಮೊದಲೇ ಹೇಳಿಬಿಡುತ್ತಾನೆ: ಬಾಲ್ಯದಿಂದ ಬಾಯಲ್ಲಿ ಆಡಿದ ಮಾತು ಬದಲಾಗಿದ್ದು ಕಂಡ ಕೂಡಲೇ ಓದಿದವರೂ ಓದದವರೂ ನನ್ನನ್ನು ಕಳ್ಳಬರಹದವನು, ದೇವದ್ರೋಹಿ ಅಂತ ಬೈಯುತ್ತಾರೆ. ಹಾಗೇ ಬೈದರು.

ರೋಮ್‌ನ ಈ ಮೂರು ವರ್ಷದಲ್ಲಿ ಆತನ ಬದುಕಿಗೆ ಬಂದವರು ಕೆಲವು ಹೆಂಗಸರು. ಅವರನ್ನು ಬಿಟ್ಟರೆ ಜೆರೋಮ್‌ನ ಕಥೆಯೇ ಇಲ್ಲ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಅವೆಂಟೈನ್ ಗುಡ್ಡದ ಮೇಲೆ ಮಾರ್ಸೆಲ್ಲಾ ಎಂಬ ಶ್ರೀಮಂತ ವಿಧವೆಯ ಮನೆ. ಮರುಮದುವೆ ಒಲ್ಲೆ ಎಂದು, ಒಡವೆ ಬಿಟ್ಟು, ಓದಿನಲ್ಲಿ ಮುಳುಗಿದವಳು. ಸುತ್ತ ಅಂಥದೇ ಮನಸ್ಸಿನ ಹೆಂಗಸರು ಸೇರುತ್ತಿದ್ದರು. ಮಾರ್ಸೆಲ್ಲಾ ಕೇಳುವ ಪ್ರಶ್ನೆಗಳು ಸುಮ್ನೆ ಭಕ್ತಿಯ ಪ್ರಶ್ನೆಗಳಲ್ಲ. ಹೀಬ್ರೂನಲ್ಲಿ ದೇವರಿಗೆ ಎಷ್ಟು ಹೆಸರು, 'ಆಮೆನ್', 'ಅಲ್ಲೆಲೂಯ' ಪದಗಳನ್ನು ಅನುವಾದ ಮಾಡದೆ ಹಾಗೇ ಯಾಕೆ ಬಿಟ್ಟಿದ್ದಾರೆ ಅಂತ ಕೇಳುತ್ತಿದ್ದಳು. ಆತನ ಉತ್ತರಗಳು ಪತ್ರಗಳಾಗಿ ಉಳಿದಿವೆ. ತಾನು ಕೊಟ್ಟ ಉತ್ತರವನ್ನು ಅವಳು ತಕ್ಷಣ ನಂಬುತ್ತಿರಲಿಲ್ಲ, ತಾನೇ ತೂಗಿ ನೋಡುತ್ತಿದ್ದಳು ಅಂತ ಜೆರೋಮ್ ಹೆಮ್ಮೆಯಿಂದ ಬರೆಯುತ್ತಾನೆ.

ಇನ್ನೊಬ್ಬಳು ಪೌಲಾ. ಹೆಸರಾಂತ ಮನೆತನ, ಐದು ಮಕ್ಕಳ ತಾಯಿ, ಗಂಡ ಟೊಕ್ಸೋಟಿಯಸ್ ತೀರಿಹೋಗಿದ್ದ. ಈಕೆ ಮಗಳು ಯುಸ್ಟೋಕಿಯಂ ಜೊತೆ ಹೀಬ್ರೂ ಕಲಿತು, ಕೀರ್ತನೆಗಳನ್ನು ಹೀಬ್ರೂನಲ್ಲೇ ಹಾಡುತ್ತಿದ್ದಳು. ಉಚ್ಚಾರದಲ್ಲಿ ಲ್ಯಾಟಿನ್ ಎಳೆ ಒಂದಿಷ್ಟೂ ಕೇಳುತ್ತಿರಲಿಲ್ಲವಂತೆ. ಅಷ್ಟು ವರ್ಷ ಬೆವರು ಸುರಿಸಿದ ಜೆರೋಮ್‌ಗೆ ಸುಲಭವಾಗದ್ದು ಅವಳಿಗೆ ಒಲಿದಿತ್ತು. ಅದನ್ನು ಹೇಳಿದವನೂ ಅವನೇ.

ಹೀಬ್ರೂ ಪುಸ್ತಕಗಳ ಹುಡುಕಾಟವೂ ನಡೆದೇ ಇತ್ತು. ಒಂದು ದಿನ ಡಮಾಸಸ್‌ಗೆ ಉತ್ತರ ಬರೆಯಬೇಕು, ಲಿಪಿಕಾರ ಕೂತಿದ್ದಾನೆ. ಆಗ ಒಬ್ಬ ಯೆಹೂದಿ ಗೃಹಸ್ಥ ಓಡಿ ಬಂದ. ಕೈಯಲ್ಲಿ ಪ್ರಾರ್ಥನಾ ಮಂದಿರದಿಂದ ಓದುವುದಕ್ಕೆ ಅಂತ ತಂದ ಗ್ರಂಥಗಳು. ಕೇಳಿದ್ದಿಯಲ್ಲ, ತಗೋ, ಬೇಗ ಅಂತ ಕೊಟ್ಟ. ಪೋಪ್‌ಗೆ ಬರೆಯುವ ಪತ್ರ ಬದಿಗಿಟ್ಟು ಜೆರೋಮ್ ಅದನ್ನು ನಕಲು ಮಾಡಲು ಕೂತ. ಆ ಗಡಿಬಿಡಿಯನ್ನು ಪೋಪ್‌ಗೇ ಬರೆದು ತಿಳಿಸಿದ್ದಾನೆ!

ಕೆಟ್ಟ ಕಾಲ ಬಂದದ್ದು 384ರಲ್ಲಿ. ಪೌಲಾಳ ದೊಡ್ಡ ಮಗಳು ಬ್ಲೆಸಿಲ್ಲಾ, ಇಪ್ಪತ್ತರ ಆಸುಪಾಸಿನ ವಿಧವೆ, ಸನ್ಯಾಸದ ಕಠಿಣ ವ್ರತಕ್ಕೆ ಬಿದ್ದು ಕೆಲವೇ ತಿಂಗಳಲ್ಲಿ ತೀರಿಹೋದಳು. ಅಂತ್ಯಕ್ರಿಯೆಯಲ್ಲಿ ತಾಯಿ ಮೂರ್ಛೆ ಹೋದಳು. ಉಪವಾಸ ಮಾಡಿಸಿಯೇ ಕೊಂದರು, ಈ ಸನ್ಯಾಸಿಗಳನ್ನು ಊರಿಂದ ಓಡಿಸಬೇಕು, ನದಿಗೆ ಎಸೆಯಬೇಕು ಅಂತ ಜನ ಗೊಣಗಿದರು. ಜೆರೋಮ್ ಆ ತಾಯಿಗೆ ಬರೆದ ಪತ್ರದಲ್ಲಿ ಸಾಂತ್ವನ ಇದೆ, ಆದರೆ ಅತಿಯಾಗಿ ಅಳಬೇಡ ಅನ್ನುವ ಗದರಿಕೆಯೂ ಇದೆ. ಅದನ್ನು ನಾನು ಇವತ್ತಿಗೂ ಕ್ಷಮಿಸಲಾರೆ. ಮಗಳನ್ನು ಕಳೆದುಕೊಂಡ ತಾಯಿ ಎಷ್ಟು ಅಳಬೇಕು ಅಂತ ಹೇಳಲು ಅವನು ಯಾರು? ಅದೇ ಡಿಸೆಂಬರ್‌ನಲ್ಲಿ ಡಮಾಸಸ್ ಕೂಡ ತೀರಿಕೊಂಡ. ರಕ್ಷಣೆ ಹೋಯಿತು. ಮುಂದಿನ ಪೋಪ್ ತಾನೇ ಅಂತ ಒಂದು ಕಾಲಕ್ಕೆ ಊರೆಲ್ಲ ಹೇಳುತ್ತಿತ್ತು ಅಂತ ಬರೆದುಕೊಂಡವನ ಮೇಲೆ ಈಗ ಪೌಲಾ ಜೊತೆ ಸೇರಿಸಿ ಗುಸುಗುಸು. 385ರ ಆಗಸ್ಟ್‌ನಲ್ಲಿ ಹಡಗು ಹತ್ತಿದ, ಮತ್ತೆ ರೋಮ್ ನೋಡಲಿಲ್ಲ.

ಪೌಲಾ, ಯುಸ್ಟೋಕಿಯಂ ಬೇರೆ ಹಡಗಿನಲ್ಲಿ ಹೊರಟರು. ಎಲ್ಲರೂ ಪೂರ್ವದಲ್ಲಿ ಸೇರಿ, ಪ್ಯಾಲೆಸ್ತೀನ್, ಈಜಿಪ್ಟ್ ಸುತ್ತಿ, 386ರಲ್ಲಿ ಬೆತ್ಲೆಹೇಮ್‌ನಲ್ಲಿ ನೆಲೆಸಿದರು. ಪೌಲಾಳ ಹಣದಿಂದ ಗಂಡಸರಿಗೆ ಒಂದು ಮಠ, ಹೆಂಗಸರಿಗೆ ಮಠ, ಯಾತ್ರಿಕರಿಗೆ ಛತ್ರ ಎದ್ದವು. ಸಾಯುವವರೆಗೆ ಸುಮಾರು 34 ವರ್ಷ ಜೆರೋಮ್ ಅಲ್ಲೇ ಇದ್ದ.

ಬೆತ್ಲೆಹೇಮ್ ಆರಿಸಿಕೊಂಡದ್ದು ಯೇಸು ಹುಟ್ಟಿದ ಊರು ಅಂತ. ಆದರೆ ವಿದ್ವಾಂಸನಿಗೆ ಆ ಜಾಗ ಬೇರೆ ರೀತಿಯಲ್ಲೂ ಒದಗಿತು. ಕೆಲವೇ ದಿನದ ಪ್ರಯಾಣದಲ್ಲಿ ಕೈಸರೇಯಾ, ಅಲ್ಲಿ ಒರಿಗೆನ್ ಎಂಬ ಹಿಂದಿನ ಮಹಾಪಂಡಿತ ಮಾಡಿಟ್ಟ ಗ್ರಂಥಭಂಡಾರ. ಹೀಬ್ರೂ ಪಾಠ, ಅದರ ಗ್ರೀಕ್ ಲಿಪ್ಯಂತರ, ನಾಲ್ಕು ಗ್ರೀಕ್ ಅನುವಾದ, ಹೀಗೆ ಆರು ಸಾಲು ಅಕ್ಕಪಕ್ಕ ಬರೆದ ಭಾರಿ ಗ್ರಂಥ ಅದರಲ್ಲಿತ್ತು. ಸುತ್ತಮುತ್ತ ಯೆಹೂದಿ ಗುರುಗಳೂ ಇದ್ದರು. ಬರ್ ಅನೀನ ಎಂಬಾತ ರಾತ್ರಿ ಹೊತ್ತು ಬಂದು ಪಾಠ ಹೇಳುತ್ತಿದ್ದ, ತನ್ನವರು ನೋಡಿದರೆ ಏನನ್ನುತ್ತಾರೋ ಅನ್ನುವ ಭಯ. ಯೋಬನ ಗ್ರಂಥಕ್ಕಾಗಿ ಲಿದ್ದ ಊರಿನ ಒಬ್ಬ ಗುರುವಿಗೆ ಕಡಿಮೆಯಲ್ಲದ ಹಣ ಕೊಟ್ಟ. ದಾನಿಯೇಲನ ಗ್ರಂಥದ ಅರಾಮಿಕ್ ಭಾಷೆ ಮುಂದೆ ಸೋತು ಕೈಚೆಲ್ಲಿದಾಗ, ಬಿಡದ ದುಡಿಮೆ ಎಲ್ಲವನ್ನೂ ಗೆಲ್ಲುತ್ತದೆ ಅಂತ ಒಬ್ಬ ಯೆಹೂದಿ ಅವನ ಬೆನ್ನು ತಟ್ಟಿದ. ಇಷ್ಟೆಲ್ಲ ಋಣ ಇದ್ದೂ ಯೆಹೂದಿಗಳ ಬಗ್ಗೆ ಜೆರೋಮ್ ಬರೆದ ಎಷ್ಟೋ ಮಾತು ವಿಷದಂತಿವೆ. ಆತನನ್ನು ಮೆಚ್ಚುವವರು ಇದನ್ನು ಮುಚ್ಚಿಡಬಾರದು.

ಸುಮಾರು 390ರಿಂದ 405ರವರೆಗೆ ಹಳೆಯ ಒಡಂಬಡಿಕೆಯನ್ನು ಹೀಬ್ರೂನಿಂದ ಲ್ಯಾಟಿನ್‌ಗೆ ತಂದ. ಕೆಲವಕ್ಕೆ ವರ್ಷಗಳು ಹಿಡಿದವು. ಕಾಯಿಲೆ ಬಿದ್ದು ಎದ್ದವನು ಜ್ಞಾನೋಕ್ತಿ, ಪ್ರಸಂಗಿ, ಪರಮಗೀತ ಮೂರನ್ನೂ ಮೂರೇ ದಿನದಲ್ಲಿ ಮುಗಿಸಿದ. ತೊಬಿತನ ಕಥೆ ಅರಾಮಿಕ್‌ನಲ್ಲಿತ್ತು; ಎರಡೂ ಭಾಷೆ ಬಲ್ಲವನೊಬ್ಬ ಅದನ್ನು ಹೀಬ್ರೂಗೆ ಹೇಳುತ್ತಾ ಹೋದ, ಜೆರೋಮ್ ಅದನ್ನು ಲ್ಯಾಟಿನ್‌ನಲ್ಲಿ ಹೇಳುತ್ತಾ ಹೋದ, ಲಿಪಿಕಾರ ಬರೆದುಕೊಂಡ, ಒಂದೇ ದಿನದಲ್ಲಿ ಮುಗಿಯಿತು. ಚಿತ್ರದಲ್ಲಿ ಒಬ್ಬನೇ ಕೂತಿರುತ್ತಾನಲ್ಲ, ನಿಜದ ಕೋಣೆ ಹಾಗಿರಲಿಲ್ಲ. ಗುರು, ಶೀಘ್ರಲಿಪಿಕಾರ, ನಕಲು ಮಾಡುವವರು, ಈ ಪುಸ್ತಕ ಯಾವಾಗ ಮುಗಿಯುತ್ತದೆ ಅಂತ ಬೆನ್ನು ಹತ್ತಿದ ಪೌಲಾ ಮತ್ತು ಯುಸ್ಟೋಕಿಯಂ. ಎಷ್ಟೋ ಪುಸ್ತಕ ಅರ್ಪಿಸಿರುವುದು ಅವರಿಗೇ. ಹೆಂಗಸರಿಗೆ ಯಾಕೆ ಬರೆಯುತ್ತೀಯ ಅಂತ ಟೀಕಿಸಿದವರಿಗೆ ಜೋರಾಗಿ ಉತ್ತರ ಕೊಟ್ಟಿದ್ದಾನೆ.

ಒಂದು ತಿದ್ದುಪಡಿ: ಮುಂದೆ 'ವಲ್ಗೇಟ್' ಅಂತ ಹೆಸರಾದ ಲ್ಯಾಟಿನ್ ಬೈಬಲ್ ಪೂರ್ತಿ ಜೆರೋಮ್‌ನದ್ದಲ್ಲ. ಹೊಸ ಒಡಂಬಡಿಕೆಯಲ್ಲಿ ಸುವಾರ್ತೆಗಳನ್ನು ತಿದ್ದಿದ್ದು ಮಾತ್ರ ಖಚಿತವಾಗಿ ಆತನ ಕೆಲಸ. ಕೀರ್ತನೆಗಳನ್ನು ಹೀಬ್ರೂನಿಂದ ಮಾಡಿದ್ದರೂ ಜನರ ಬಾಯಲ್ಲಿ ನಿಂತದ್ದು ಗ್ರೀಕ್ ಹಿಡಿದು ಮಾಡಿದ ಅವನದೇ ಹಿಂದಿನ ಪಾಠ. ಹಾಡಿ ಹಾಡಿ ರೂಢಿಯಾದದ್ದನ್ನು ಯಾರು ಬಿಡುತ್ತಾರೆ? ಗುಟೆನ್‌ಬರ್ಗ್ 1455ರ ಸುಮಾರಿಗೆ ಅಚ್ಚು ಹಾಕಿದ್ದು ಈ ವಲ್ಗೇಟನ್ನೇ. 1546ರಲ್ಲಿ ಟ್ರೆಂಟ್ ಸಭೆ ಕ್ಯಾಥೊಲಿಕರಿಗೆ ಅದೇ ಅಧಿಕೃತ ಪಾಠ ಅಂತ ಸಾರಿತು.

ಈಗ ಒಂದು ಗಿಡದ ಕಥೆ. ಅನುವಾದಕರಾದ ನಿಮಗೆ ಇದು ಇಷ್ಟವಾಗುತ್ತದೆ. ಯೋನನ ಗ್ರಂಥದಲ್ಲಿ ಯೋನ ನಿನೆವೆ ಪಟ್ಟಣದ ಹೊರಗೆ ಬಿಸಿಲಲ್ಲಿ ಕೂತಾಗ ದೇವರು ಒಂದು ಗಿಡ ಬೆಳೆಸಿ ನೆರಳು ಕೊಡುತ್ತಾನೆ. ಹೀಬ್ರೂ ಹೆಸರು 'ಕಿಕಾಯೋನ್'. ಹಳೆಯ ಲ್ಯಾಟಿನ್ ಪಾಠದಲ್ಲಿ ಅದು ಸೋರೆ. ಜೆರೋಮ್ ಅದನ್ನು 'ಐವಿ' ಬಳ್ಳಿ ಮಾಡಿದ. ಉತ್ತರ ಆಫ್ರಿಕಾದ ಓಯ ಪಟ್ಟಣದಲ್ಲಿ, ಅಂದರೆ ಇಂದಿನ ಲಿಬಿಯಾದ ಟ್ರಿಪೊಲಿ, ಬಿಷಪ್ ಈ ಹೊಸ ಪಾಠ ಓದಿದ ಕೂಡಲೇ ಚರ್ಚಿನಲ್ಲಿ ಗಲಾಟೆ. ತಲೆತಲಾಂತರದಿಂದ ಕೇಳಿದ ಪದ ಎಲ್ಲಿ ಹೋಯಿತು? ಬಿಷಪ್ ಊರಿನ ಯೆಹೂದಿಗಳನ್ನು ಕೇಳಿದ, ಅವರು ಹಳೆಯದೇ ಸರಿ ಅಂದರು, ಜನ ಪೂರ್ತಿ ಕೈಬಿಟ್ಟುಹೋಗುವ ಮೊದಲು ಆತ ಹಳೆಯ ಪದಕ್ಕೆ ಮರಳಿದ. ಇದನ್ನೆಲ್ಲ ಬಿಷಪ್ ಅಗಸ್ಟೀನ್ 403ರಲ್ಲಿ ಜೆರೋಮ್‌ಗೆ ಬರೆದು, ಹೀಬ್ರೂನಿಂದ ಬೇಡ, ಗ್ರೀಕ್‌ನಿಂದಲೇ ಅನುವಾದ ಮಾಡಿ ಅಂತ ಕೇಳಿಕೊಂಡ. ಜೆರೋಮ್‌ನ ಉತ್ತರದಲ್ಲಿ ಸಿಟ್ಟಿದೆ, ಜೊತೆಗೆ ಗಿಡದ ಕರಾರುವಾಕ್ಕಾದ ವರ್ಣನೆಯೂ ಇದೆ: ಅಗಲ ಎಲೆ, ದಟ್ಟ ನೆರಳು, ಬೇಗ ಬೆಳೆಯುತ್ತದೆ, ಆಸರೆ ಇಲ್ಲದೆ ತನ್ನ ಕಾಂಡದ ಮೇಲೆ ನಿಲ್ಲುತ್ತದೆ, ಪ್ಯಾಲೆಸ್ತೀನ್‌ನಲ್ಲಿ ಎಲ್ಲೆಡೆ ಕಾಣುತ್ತದೆ. ಓದಿದ ಕೂಡಲೇ ನಮಗೆ ಗೊತ್ತಾಗುತ್ತದಲ್ಲ? ನಮ್ಮ ಹೊಲದ ಬದುವಿನ ಔಡಲ, ಹರಳು ಗಿಡ! ಇಂದಿನ ಪಂಡಿತರೂ ಬಹುಮಟ್ಟಿಗೆ ಅದನ್ನೇ ಹೇಳುತ್ತಾರೆ. ಲ್ಯಾಟಿನ್‌ನಲ್ಲಿ ಆ ಗಿಡಕ್ಕೆ ತಕ್ಕ ಹೆಸರಿಲ್ಲ, ಹೀಬ್ರೂ ಪದವನ್ನೇ ಇಟ್ಟರೆ ಯಾರಿಗೂ ಅರ್ಥವಾಗದು, ಅದಕ್ಕೆ ಹಿಂದಿನ ಅನುವಾದಕರು ಇಟ್ಟ 'ಐವಿ'ಯನ್ನೇ ಇಟ್ಟೆ ಅನ್ನುವುದು ಆತನ ಸಮಜಾಯಿಷಿ. ಗಿಡ ಯಾವುದೆಂದು ಸರಿಯಾಗಿ ಗೊತ್ತಿದ್ದೂ ಪದ ಸಿಗದೆ ಒದ್ದಾಡಿದ್ದಾನೆ.

ಅನುವಾದದ ಬಗ್ಗೆ ಆತನ ಪ್ರಸಿದ್ಧ ಮಾತು ಇನ್ನೊಂದು ಜಗಳದಲ್ಲಿ ಹುಟ್ಟಿತು. ಒಂದು ಖಾಸಗಿ ಅನುವಾದ ಕಳುವಾಗಿ ವಿರೋಧಿಗಳ ಕೈ ಸೇರಿತು, ಪದಕ್ಕೆ ಪದ ಹೊಂದುತ್ತಿಲ್ಲ ಅಂತ ದೂರು ಹಬ್ಬಿತು. ಗೆಳೆಯ ಪಮ್ಮಾಕಿಯಸ್‌ಗೆ ಬರೆದ ಪತ್ರದಲ್ಲಿ ಜೆರೋಮ್ ಹೇಳಿದ: ಗ್ರೀಕ್‌ನಿಂದ ಅನುವಾದಿಸುವಾಗ ನಾನು ಪದಕ್ಕೆ ಪದ ಇಡುವುದಿಲ್ಲ, ಅರ್ಥಕ್ಕೆ ಅರ್ಥ ಇಡುತ್ತೇನೆ. ಜನ ಇಷ್ಟಕ್ಕೇ ನಿಲ್ಲಿಸಿಬಿಡುತ್ತಾರೆ. ಅದೇ ವಾಕ್ಯದಲ್ಲಿ ಒಂದು ಷರತ್ತಿದೆ: ಪವಿತ್ರ ಗ್ರಂಥ ಮಾತ್ರ ಬೇರೆ, ಅಲ್ಲಿ ಪದಗಳ ಕ್ರಮದಲ್ಲೂ ಗುಟ್ಟಿರುತ್ತದೆ. ಬೈಬಲ್ ಅನುವಾದದಲ್ಲಿ ಈ ಎರಡರ ನಡುವೆ ಹೊಯ್ದಾಡಿದ್ದಾನೆ.

ಜಗಳಗಂಟನೇ ಅಂತ ಕೇಳಿದ್ದೀರಿ. ಹೌದು, ಮತ್ತು ಅದರಲ್ಲಿ ದುಃಖವೇ ಜಾಸ್ತಿ. ರುಫಿನಸ್ ನೆನಪಿದೆಯಾ? ಬಾಲ್ಯದ ಗೆಳೆಯ. ಅವನೂ ಜೆರೂಸಲೇಮ್‌ಗೆ ಬಂದು ನೆಲೆಸಿದ್ದ. ಒರಿಗೆನ್‌ನ ವಿಚಾರಗಳು ಧರ್ಮಕ್ಕೆ ಹೊರಗಿನವು ಅನ್ನುವ ವಿವಾದ ಎದ್ದಾಗ, ಒರಿಗೆನ್‌ನನ್ನು ಹೊಗಳಿ ಹೊಗಳಿ ಅನುವಾದಿಸಿದ್ದ ಜೆರೋಮ್ ಪಕ್ಷ ಬದಲಿಸಿದ. ರುಫಿನಸ್ 398ರಲ್ಲಿ ಒರಿಗೆನ್‌ನ ಗ್ರಂಥ ಅನುವಾದಿಸಿ, ನಾನು ಜೆರೋಮ್ ತುಳಿದ ದಾರಿಯಲ್ಲೇ ನಡೆದಿದ್ದೇನೆ ಅಂತ ಮುನ್ನುಡಿಯಲ್ಲಿ ಸೂಚಿಸಿದ. ಆಮೇಲೆ ಇಬ್ಬರೂ ಪುಸ್ತಕದ ಮೇಲೆ ಪುಸ್ತಕ ಬರೆದು ಹರಿದುಕೊಂಡರು. ರುಫಿನಸ್ ಸಿಸಿಲಿಯಲ್ಲಿ ಸತ್ತ ಮೇಲೂ ಜೆರೋಮ್ ಅವನನ್ನು ಮಣ್ಣಡಿ ಸೇರಿದ ಚೇಳು ಅಂದ. ಮದುವೆಗೂ ಬ್ರಹ್ಮಚರ್ಯಕ್ಕೂ ಒಂದೇ ಫಲ ಅಂದ ಜೊವಿನಿಯನ್ ವಿರುದ್ಧ 393ರಲ್ಲಿ ಬರೆದ ಪುಸ್ತಕ ಎಷ್ಟು ಕಟುವಾಗಿತ್ತೆಂದರೆ ಗೆಳೆಯರೇ ಪ್ರತಿಗಳನ್ನು ಹಿಂತೆಗೆಯಲು ನೋಡಿದರು. ನಮಗೆ ಕುತೂಹಲದ ಸಂಗತಿ ಆ ಪುಸ್ತಕದಲ್ಲೇ ಇದೆ: ಭಾರತದ ತಪಸ್ವಿಗಳ ಮಾತು ಬಂದಾಗ, ಅವರ ಮತದ ಮೂಲಪುರುಷ ಬುದ್ಧ ಕನ್ಯೆಯೊಬ್ಬಳ ಪಕ್ಕೆಯಿಂದ ಹುಟ್ಟಿದನೆಂದು ಹೇಳುತ್ತಾರೆ ಅಂತ ಒಂದು ಸಾಲು. ಪ್ರಾಚೀನ ಲ್ಯಾಟಿನ್ ಬರಹದಲ್ಲಿ ಬುದ್ಧನ ಹೆಸರು ಸಿಗುವುದೇ ಅಪರೂಪ. ಮಾಯಾದೇವಿಯ ಪಕ್ಕೆಯಿಂದ ಹುಟ್ಟಿದ ಕಥೆ ಯಾರ್ಯಾರ ಬಾಯಿ ದಾಟಿ ಬೆತ್ಲೆಹೇಮ್ ಮುಟ್ಟಿತೋ!

ಕೊನೆಯ ಹದಿನೈದು ವರ್ಷ ಒಂದರ ಮೇಲೊಂದು ಸಾವು. 404ರ ಜನವರಿ 26ರಂದು ಪೌಲಾ ಹೋದಳು, ಐವತ್ತಾರು ವಯಸ್ಸು. ಆಸ್ತಿ ಎಲ್ಲ ಬಡವರಿಗೆ, ಮಠಕ್ಕೆ ಸುರಿದು, ಮಗಳಿಗೆ ಸಾಲ ಬಿಟ್ಟು ಹೋದಳು. ಅವಳ ಬಗ್ಗೆ ಬರೆಯಲು ಕೂತರೆ ಜೆರೋಮ್ ಕೈ ಓಡಲಿಲ್ಲ, ಬರೆಯುವ ಕಡ್ಡಿ ಜಾರಿತು. ಕೊನೆಗೆ ಎರಡು ರಾತ್ರಿ ಕೂತು ಅವಳ ಜೀವನ ಕಥೆಯನ್ನು ಹೇಳಿ ಬರೆಸಿದ. 410ರ ಆಗಸ್ಟ್ 24ರಂದು ಗಾಥ್ ದೊರೆ ಅಲಾರಿಕ್ ರೋಮ್‌ಗೆ ನುಗ್ಗಿದ. ಮುದುಕಿ ಮಾರ್ಸೆಲ್ಲಾಳನ್ನು ಸೈನಿಕರು ಹೊಡೆದರು, ಸ್ವಲ್ಪ ದಿನಕ್ಕೆ ತೀರಿಕೊಂಡಳು. 'ಲೋಕವನ್ನೆಲ್ಲ ಹಿಡಿದ ನಗರ ಈಗ ಸೆರೆಸಿಕ್ಕಿದೆ' ಅಂತ ಬರೆಸುವಾಗ ಬಿಕ್ಕುವಿಕೆಯಿಂದ ಮಾತು ನಿಲ್ಲುತ್ತಿತ್ತು ಅಂತ ಹೇಳಿಕೊಂಡಿದ್ದಾನೆ. ನಿರಾಶ್ರಿತರು ಬೆತ್ಲೆಹೇಮ್‌ವರೆಗೂ ಬಂದರು, ಅವರನ್ನು ನೋಡಿಕೊಳ್ಳುತ್ತಾ ಯೆಹೆಜ್ಕೇಲನ ವ್ಯಾಖ್ಯಾನ ನಿಂತು ನಿಂತು ನಡೆಯಿತು. ಕಣ್ಣು ಮಂಜಾಗಿತ್ತು. ದೀಪದ ಬೆಳಕಲ್ಲಿ ಹೀಬ್ರೂ ಅಕ್ಷರ ಕಾಣುತ್ತಿರಲಿಲ್ಲ, ಅಷ್ಟು ಸಣ್ಣ ಅಕ್ಷರ ಹಗಲಲ್ಲೂ ಕಷ್ಟ. ಗ್ರೀಕ್ ವ್ಯಾಖ್ಯಾನಗಳನ್ನು ಮಠದವರು ಓದಿ ಹೇಳಬೇಕಿತ್ತು. 416ರಲ್ಲಿ ಗುಂಪೊಂದು ಮಠಕ್ಕೆ ಬೆಂಕಿ ಇಟ್ಟಿತು. ಯುಸ್ಟೋಕಿಯಂ ಅವನಿಗಿಂತ ಸ್ವ‌ಲ್ಪ ಮೊದಲೇ ಹೋದಳು. ಜೆರೋಮ್ ತೀರಿಕೊಂಡದ್ದು 420ರ ಸೆಪ್ಟೆಂಬರ್ 30 ಅಂತ ರೂಢಿ. ನಿಮಗೆ ಶುಭಾಶಯ ಬರುವ ದಿನ ಅದೇ. ವಿಶ್ವಸಂಸ್ಥೆ 2017ರಲ್ಲಿ ಅದನ್ನು ಅಂತರರಾಷ್ಟ್ರೀಯ ಅನುವಾದ ದಿನ ಅಂತ ಒಪ್ಪಿತು.

ಎಲ್ಲಿಂದ ಓದಬೇಕು? ವ್ಯಾಖ್ಯಾನಗಳಿಗೆ ಈಗಲೇ ಕೈಹಾಕಬೇಡಿ. ಪತ್ರಗಳಿಂದ ಶುರು ಮಾಡಿ, ಇಂಗ್ಲಿಷಿನಲ್ಲಿ ಸುಲಭವಾಗಿ ಸಿಗುತ್ತವೆ. ಕನಸಿನ ಕಥೆ 22ನೇ ಪತ್ರದಲ್ಲಿ, ಅನುವಾದದ ಚರ್ಚೆ 57ರಲ್ಲಿ, ಪೌಲಾ 108ರಲ್ಲಿ, ಗಿಡದ ಜಗಳ 112ರಲ್ಲಿ, ಹೀಬ್ರೂ ಕಲಿತದ್ದು 125ರಲ್ಲಿ, ಮಾರ್ಸೆಲ್ಲಾ 127ರಲ್ಲಿ. ಆದರೆ ಮೊಟ್ಟಮೊದಲು 107 ಓದಿ. ಪೌಲಾಳ ಸೊಸೆ ಲೇಟಾ ಮಗಳಿಗೆ ಹೇಗೆ ಓದು ಕಲಿಸಲಿ ಅಂತ ಕೇಳಿದ್ದಕ್ಕೆ ಬರೆದ ಉತ್ತರ ಅದು. ಮರದಲ್ಲೋ ದಂತದಲ್ಲೋ ಅಕ್ಷರ ಮಾಡಿಸಿ ಕೊಡು, ಮಗು ಅದರ ಜೊತೆ ಆಡಲಿ, ಹೆಸರು ಕಲಿಯಲಿ. ಬರೆಯಲು ಶುರುಮಾಡಿದಾಗ ಇನ್ನೊಬ್ಬರು ಅವಳ ಪುಟ್ಟ ಕೈ ಮೇಲೆ ಕೈ ಇಟ್ಟು ನಡೆಸಲಿ, ಇಲ್ಲವೇ ಹಲಗೆ ಮೇಲೆ ಕೊರೆದ ಅಕ್ಷರದ ಗೆರೆಯಲ್ಲೇ ಬೆರಳು ಹೋಗಲಿ. ನಮ್ಮ ಮನೆಗಳಲ್ಲಿ 'ತಿದ್ದಿಸುವುದು' ಅಂತೀವಲ್ಲ, ಅದೇ. ನಿಧಾನವಾದರೆ ಬೈಯಬೇಡ, ಜೊತೆಗಾರ ಮಕ್ಕಳನ್ನು ಕೂರಿಸು, ಸಣ್ಣ ಬಹುಮಾನ ಕೊಡು. ಅಲ್ಲೇ ಸಾಧ್ಯವಾಗದಿದ್ದರೆ ಮಗುವನ್ನು ಬೆತ್ಲೆಹೇಮ್‌ಗೆ ಕಳಿಸು, ನಾನು ಮುದುಕ, ಅವಳನ್ನು ಹೆಗಲ ಮೇಲೆ ಹೊತ್ತು ತಿರುಗುತ್ತೇನೆ, ತೊದಲು ಮಾತನ್ನು ತಿದ್ದುತ್ತೇನೆ ಅಂತ ಮುಗಿಸುತ್ತಾನೆ. ಆ ಮಗುವಿನ ಹೆಸರೂ ಪೌಲಾ. ಮುಂದೆ ಅವಳು ಬೆತ್ಲೆಹೇಮ್‌ಗೆ ಬಂದಳು.